ಕೊನೆಯ ಮೂಲೆಯ ತಂಪು

ಹಳೆಯ ಕಾಸ್ಟ್ ಐರನ್ ಬುಲೆಟ್ ಬೈಕಿನ ಮುಂದೆ ನಿಂತವರು ಸಾಮಾನ್ಯವಾಗಿ ಟ್ಯಾಂಕಿನ ಮೇಲೆ ಕುಂಚದಲ್ಲಿ ಎಳೆದ ಚಿನ್ನದ ಗೆರೆಗೆ ಮನಸೋತು ಅಲ್ಲಿಂದ ಕದಲುವುದಿಲ್ಲ. ಕಣ್ಣನ್ನು ಒಂದು ಗೇಣು ಕೆಳಗಿಳಿಸಿದರೆ ಇನ್ನೊಂದು ಗೆರೆ ಸಿಗುತ್ತದೆ. ಅದನ್ನು ಯಾರೂ ಬರೆದದ್ದಲ್ಲ, ಎರಡು ಲೋಹಗಳು ಮುಟ್ಟಿಕೊಳ್ಳುವ ಜಾಗ. ಗೆರೆಯ ಕೆಳಗೆ ಕಪ್ಪು ಬಳಿದ ಬೀಡು ಕಬ್ಬಿಣದ ಬ್ಲಾಕ್, ಮೇಲೆ ಬೂದುಬಣ್ಣದ ಅಲ್ಯೂಮಿನಿಯಂ ಹೆಡ್. ಬೋರು 70 ಮಿಲಿಮೀಟರ್, ಸ್ಟ್ರೋಕು 90, ಒಟ್ಟು 346 ಸಿಸಿ. 1950ರ ದಶಕದ ನಡುವಿನಿಂದ ಮದರಾಸಿನ ತಿರುವೊಟ್ಟಿಯೂರಿನಲ್ಲಿ ತಯಾರಾಗತೊಡಗಿದ ಈ ಎಂಜಿನ್ನು ಅರ್ಧ ಶತಮಾನ ಕಳೆದರೂ ಆ ಗೆರೆಯನ್ನು ಅಳಿಸಿಕೊಳ್ಳಲಿಲ್ಲ.

ಕೆಳಗೊಂದು ಲೋಹ, ಮೇಲೊಂದು ಲೋಹ ಯಾಕೆಂದರೆ ಎರಡು ಕಡೆಯ ಕಷ್ಟಗಳು ಬೇರೆ. ಕೆಳಗೆ ಪಿಸ್ಟನ್ನಿನ ರಿಂಗುಗಳು ಬಿಡುವಿಲ್ಲದೆ ಉಜ್ಜುತ್ತವೆ. ಬೀಡಿನೊಳಗೆ ಗ್ರಾಫೈಟಿನ ಸಣ್ಣ ಪದರಗಳು ಹುದುಗಿರುತ್ತವೆ. ಅವು ಆಯಿಲನ್ನು ಹಿಡಿದಿಟ್ಟುಕೊಂಡು ಸವೆತ ತಡೆಯುತ್ತವೆ. ಮೇಲೆ ಉಜ್ಜಾಟವಿಲ್ಲ, ಬೆಂಕಿಯಿದೆ. ಅಲ್ಲಿ ಬೇಕಾದದ್ದು ಬಿಸಿಯನ್ನು ಬೇಗ ಸಾಗಹಾಕುವ ಗುಣ, ಮತ್ತು ಎಂಜಿನ್ನಿಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹ ಆ ಕೆಲಸವನ್ನು ಬೀಡಿಗಿಂತ ಸುಮಾರು ಮೂರು ಪಟ್ಟು ಚುರುಕಾಗಿ ಮಾಡುತ್ತದೆ. ತೂಕದಲ್ಲೂ ಅದು ಬೀಡಿನ ಅರ್ಧಕ್ಕಿಂತ ಕಡಿಮೆ.

ಬಿಸಿಯನ್ನು ಗಾಳಿಗೆ ಬಿಡುವ ಹೊರಮೈಯ ಪಟ್ಟಿಗಳನ್ನು, ಅಂದರೆ ಫಿನ್ನುಗಳನ್ನು, ಹತ್ತಿರದಿಂದ ನೋಡಬೇಕು. ಪ್ರತಿ ಫಿನ್ನೂ ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ತೆಳು. ಬುಡದಲ್ಲಿ ಹೊರಟ ಬಿಸಿ ದಾರಿಯುದ್ದಕ್ಕೂ ಗಾಳಿಗೆ ಸೋರಿಹೋಗುತ್ತದೆ. ತುದಿ ತಲುಪುವ ಹೊತ್ತಿಗೆ ಸಾಗಿಸಬೇಕಾದದ್ದು ಸ್ವಲ್ಪವೇ ಉಳಿದಿರುತ್ತದೆ, ಅದಕ್ಕೆ ಅಷ್ಟು ಲೋಹ ಸಾಕು. ಎರಕ ಹೊಯ್ದ ಮೇಲೆ ಅಚ್ಚಿನಿಂದ ಬಿಡಿಸಿಕೊಳ್ಳಲಿಕ್ಕೂ ಇದೇ ಇಳಿಜಾರು ಬೇಕು. ಬಿಸಿಯ ಲೆಕ್ಕದವನೂ ಎರಕದವನೂ ಬೇರೆ ಬೇರೆ ಕಾರಣಕ್ಕೆ ಒಂದೇ ಆಕಾರವನ್ನು ಕೇಳಿದ್ದಾರೆ. ಬೀಡಿನ ಫಿನ್ನು ಉದ್ದ ಮಾಡಿದರೆ ಪ್ರಯೋಜನವಿಲ್ಲ, ಬಿಸಿ ತುದಿಯವರೆಗೆ ಹೋಗುವುದೇ ಇಲ್ಲ, ತೂಕ ಮಾತ್ರ ಉಳಿಯುತ್ತದೆ. ಅಲ್ಯೂಮಿನಿಯಂ ಫಿನ್ನನ್ನು ತೆಳ್ಳಗೆ, ಆಳವಾಗಿ ಎಳೆಯಬಹುದು. ಎರಡು ಫಿನ್ನುಗಳ ನಡುವಿನ ಸಂದೂ ಹಾಗೆಯೇ: ತೀರ ಕಿರಿದಾದರೆ ಗಾಳಿ ಒಳಗೆ ನುಗ್ಗದೆ ಅಲ್ಲೇ ಬೆಚ್ಚಗೆ ಕೂತುಬಿಡುತ್ತದೆ, ಅಗಲವಾದರೆ ಫಿನ್ನುಗಳ ಸಂಖ್ಯೆ ಇಳಿಯುತ್ತದೆ. ಇಷ್ಟು ಚೌಕಾಸಿ ನಡೆದ ಮೇಲೆ ಉಳಿದ ರೂಪವನ್ನು ನಾವು ಚಂದ ಎನ್ನುತ್ತೇವೆ. ಅಲಂಕಾರಕ್ಕೆಂದು ಕ್ರೋಮ್ ಮೆತ್ತಿದ ಭಾಗಗಳಲ್ಲಿ ನನಗೆ ಈ ಸುಖ ಸಿಕ್ಕಿಲ್ಲ.

ಈ ಸಿದ್ಧತೆಯೆಲ್ಲ ಯಾವ ಬೆಂಕಿಗಾಗಿ ಎಂಬುದನ್ನೂ ನೋಡೋಣ. ಪಿಸ್ಟನ್ ಮೇಲೇರುತ್ತ ಪೆಟ್ರೋಲ್ ಬೆರೆತ ಗಾಳಿಯನ್ನು ಒತ್ತುತ್ತದೆ. ಒತ್ತಿದ ಗಾಳಿ ತಾನಾಗಿಯೇ ಬಿಸಿಯಾಗುತ್ತದೆ. ಪ್ಲಗ್ ಕಿಡಿ ಹಾರಿಸುತ್ತದೆ. ಅಲ್ಲಿಂದ ಜ್ವಾಲೆಯ ಮೊಗ್ಗೊಂದು ಅರಳಿ ಸೆಕೆಂಡಿಗೆ ಸುಮಾರು 20–30 ಮೀಟರ್ ವೇಗದಲ್ಲಿ ಎದುರಿನ ಗೋಡೆಯತ್ತ ಹರಡುತ್ತದೆ. 70 ಮಿಲಿಮೀಟರ್ ಅಗಲವನ್ನು ದಾಟಲು ಅದಕ್ಕೆ ಎರಡು ಮೂರು ಮಿಲಿಸೆಕೆಂಡು ಬೇಕು. ಆ ಹೊತ್ತಿನಲ್ಲಿ ಅನಿಲದ ತಾಪ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಹಾಗಾದರೆ ಪಿಸ್ಟನ್ ಯಾಕೆ ಕರಗಿ ಹರಿದುಹೋಗುವುದಿಲ್ಲ?

ಗೋಡೆಗೆ ಅಂಟಿದಂತೆ ಒಂದು ಮಿಲಿಮೀಟರಿಗೂ ತೆಳುವಾದ ಅನಿಲದ ಪದರವೊಂದು ನಿಂತಿರುತ್ತದೆ. ಲೋಹಕ್ಕೆ ಬಿಸಿ ಬಿಟ್ಟುಕೊಟ್ಟು ತಾನು ತಂಪಾಗಿ ನಿಂತ ಆ ಪದರವೇ ಒಳಗಿನ ಬೆಂಕಿಗೂ ಲೋಹಕ್ಕೂ ನಡುವಿನ ತೆರೆ. ಬೆಂಕಿ ಇರುವುದೂ ಕ್ಷಣ ಮಾತ್ರ, ಬೆನ್ನಿಗೇ ತಂಪು ಗಾಳಿ ಬರುತ್ತದೆ. ಹೀಗಾಗಿ ಪಿಸ್ಟನ್ನಿನ ನೆತ್ತಿ ಸಾಧಾರಣವಾಗಿ 250–300 ಡಿಗ್ರಿಯಲ್ಲಿ ನೆಮ್ಮದಿಯಾಗಿರುತ್ತದೆ. ಎಂಜಿನ್ನಿನ ಒಳಗೆ ನನಗೆ ಅತ್ಯಂತ ಇಷ್ಟವಾದ ಭಾಗ ಈ ಪದರ. ಅದಕ್ಕೆ ಪಾರ್ಟ್ ನಂಬರಿಲ್ಲ, ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುವುದಿಲ್ಲ.

ಎಡವಟ್ಟಾಗುವುದು ಕೊನೆಯ ಮೂಲೆಯಲ್ಲಿ. ಪ್ಲಗ್ಗಿನಿಂದ ಅತಿ ದೂರದಲ್ಲಿರುವ ಮಿಶ್ರಣಕ್ಕೆ ಜ್ವಾಲೆ ತಲುಪುವುದು ಕಟ್ಟಕಡೆಗೆ. ಅಷ್ಟರಲ್ಲಿ ಹಿಂದೆ ಉರಿದ ಅನಿಲ ಹಿಗ್ಗುತ್ತ ಅದನ್ನು ಗೋಡೆಗೆ ಒತ್ತುತ್ತಿರುತ್ತದೆ; ಒತ್ತಿದಷ್ಟೂ ಅದರ ಬಿಸಿ ಏರುತ್ತದೆ. ಮದುವೆಯೂಟದ ಪಂಕ್ತಿಯ ತುದಿಯಲ್ಲಿ ಕೂತವರ ಪಾಡು ಅದು. ಬಡಿಸುವವನು ಸಾಲಾಗಿ ಬರುತ್ತಿದ್ದಾನೆ, ವಾಸನೆ ಮೂಗಿಗೆ ಬಡಿಯುತ್ತಿದೆ, ಹಸಿವು ತಡೆಯುವಂತಿಲ್ಲ. ತಡೆದುಕೊಂಡರೆ ಊಟ ಸುಸೂತ್ರ. ತಡೆಯಲಾರದೆ ಎಲ್ಲರೂ ಒಟ್ಟಿಗೆ ಎದ್ದು ಪಾತ್ರೆಗೆ ಕೈಹಾಕಿದರೆ ಅದು ನಾಕಿಂಗ್. ಜ್ವಾಲೆ ಬಂದು ಮುಟ್ಟುವವರೆಗೆ ಕಾಯದೆ ಉಳಿದ ಮಿಶ್ರಣವೆಲ್ಲ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಒತ್ತಡದ ಅಲೆಯೊಂದು ಸಿಲಿಂಡರಿನ ಒಂದು ಗೋಡೆಯಿಂದ ಇನ್ನೊಂದಕ್ಕೆ ಬಡಿದಾಡುತ್ತದೆ.

ಆ ಬಡಿದಾಟಕ್ಕೊಂದು ಶ್ರುತಿಯಿದೆ. ಬಿಸಿ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ 900–1,000 ಮೀಟರ್. 70 ಮಿಲಿಮೀಟರ್ ಬೋರಿನಲ್ಲಿ ಅದು ಸುಮಾರು 8,000 ಹರ್ಟ್ಸ್‌ನಲ್ಲಿ ಮೊಳಗುತ್ತದೆ. ದೊಡ್ಡ ಕಾರಿನ ಅಗಲ ಬೋರಿನಲ್ಲಿ 6,000ದ ಆಸುಪಾಸು. ಬೋರು ಕಿರಿದಾದಷ್ಟೂ ಶ್ರುತಿ ಏರುತ್ತದೆ. ಹೊರಗೆ ನಿಂತವರಿಗೆ ಕೇಳುವುದು ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂಥ ಒಣ ಕಟಕಟ. ಟ್ಯಾಪೆಟ್ ಸದ್ದಿಗೂ ಇದಕ್ಕೂ ವ್ಯತ್ಯಾಸ ಹಿಡಿಯುವುದು ಪಳಗಿದ ಮೆಕ್ಯಾನಿಕ್ಕಿನ ಕಿವಿ. ಟ್ಯಾಪೆಟ್ ಸದ್ದು ಎಂಜಿನ್ನಿನ ವೇಗದ ಜೊತೆ ತಾಳ ಹಾಕಿಕೊಂಡು ಹೋಗುತ್ತದೆ. ನಾಕಿಂಗ್ ಮಾತ್ರ ಭಾರ ಬಿದ್ದಾಗ, ಏರಿನಲ್ಲಿ ಆಕ್ಸಿಲರೇಟರ್ ತಿರುಚಿದಾಗ, ಕಾಣಿಸಿಕೊಂಡು ಕೈ ಸಡಿಲಿಸಿದ ಕೂಡಲೇ ಮಾಯವಾಗುತ್ತದೆ.

ಕೆಡುಕು ಶಬ್ದಕ್ಕಿಂತ ಹೆಚ್ಚಾಗಿ ಆ ತಂಪು ಪದರದ ವಿಷಯದಲ್ಲಿದೆ. ಒತ್ತಡದ ಅಲೆ ಪದರವನ್ನು ಚಿಂದಿ ಮಾಡುತ್ತದೆ, ಬೆಂಕಿಗೆ ಲೋಹ ನೇರ ಸಿಗುತ್ತದೆ. ಬಿಸಿ ನುಗ್ಗಿದಷ್ಟೂ ಗೋಡೆ ಕಾಯುತ್ತದೆ, ಕಾದ ಗೋಡೆ ಮುಂದಿನ ಸುತ್ತಿನ ಮಿಶ್ರಣವನ್ನು ಇನ್ನಷ್ಟು ಬೆಚ್ಚಗೆ ಮಾಡುತ್ತದೆ, ನಾಕಿಂಗ್ ಮತ್ತೂ ಜೋರಾಗುತ್ತದೆ. ಹೀಗೆ ಹಾಳಾದ ಪಿಸ್ಟನ್ನನ್ನು ಕೈಯಲ್ಲಿ ಹಿಡಿದು ನೋಡಿದರೆ ಅಂಚು ಮರಳು ಚಿಮ್ಮಿಸಿದಂತೆ ಚಿಕ್ಕ ಚಿಕ್ಕ ಗುಳಿ ಬಿದ್ದು ಬೂದುಗಟ್ಟಿರುತ್ತದೆ; ಕೆಲವೊಮ್ಮೆ ರಿಂಗು ಕೂರುವ ದಂಡೆ ಮುರಿದು ಬಂದಿರುತ್ತದೆ. ನಡುವಲ್ಲೇ ತೂತು ಕರಗಿದ್ದರೆ ಅಪರಾಧಿ ಬಹುಮಟ್ಟಿಗೆ ಬೇರೆ. ಅದು ಪ್ರಿ-ಇಗ್ನಿಷನ್: ಕೆಂಪಗೆ ಕಾದ ಮಸಿಯ ತುಣುಕೋ ಪ್ಲಗ್ಗಿನ ತುದಿಯೋ ಕಿಡಿಗಿಂತ ಮೊದಲೇ ಬೆಂಕಿ ಹಚ್ಚಿರುತ್ತದೆ. ನಾಕಿಂಗ್ ಕಿಡಿಯ ನಂತರದ ಆತುರ, ಇದು ಕಿಡಿಗೆ ಮುಂಚಿನದು. ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುವುದರಿಂದ ಎರಡನ್ನೂ ಒಂದೇ ಎಂದು ಜನ ಮಾತಾಡುವುದುಂಟು.

ಅಲ್ಯೂಮಿನಿಯಂ ಹೆಡ್ಡಿನ ಬಗ್ಗೆ ಗ್ಯಾರೇಜುಗಳಲ್ಲಿ ಹಳೆಯ ಜಗಳವೊಂದಿದೆ. ಬಿಸಿಯನ್ನೆಲ್ಲ ಅದು ಹೀರಿ ಹೊರಗೆ ಚೆಲ್ಲುತ್ತದೆ, ಬಿಸಿ ಎಂದರೆ ಶಕ್ತಿ, ಹಾಗಾಗಿ ಬೀಡಿನ ಹೆಡ್ಡೇ ಮೇಲು ಎಂದು ಒಂದು ಪಕ್ಷ. ಅಲ್ಯೂಮಿನಿಯಂ ಹಾಕಿದರೆ ಕಂಪ್ರೆಷನ್, ಅಂದರೆ ಮಿಶ್ರಣವನ್ನು ಒತ್ತುವ ಅನುಪಾತ, ಒಂದು ಅಂಕ ಏರಿಸಬಹುದು ಎಂದು ಇನ್ನೊಂದು ಪಕ್ಷ. ನನಗೆ ಎರಡನೆಯ ಪಕ್ಷವೇ ಹೆಚ್ಚು ಸರಿ ಕಾಣುತ್ತದೆ, ಆದರೆ ಅವರು ಹೇಳುವ ಕಾರಣಕ್ಕಲ್ಲ. ಹೆಡ್ಡಿನ ಲೋಹ ಯಾವುದಾದರೂ 2,000 ಡಿಗ್ರಿಯ ಜ್ವಾಲೆಗೆ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಗೋಡೆ 150 ಡಿಗ್ರಿಯಲ್ಲಿದ್ದರೂ 220ರಲ್ಲಿದ್ದರೂ ಜ್ವಾಲೆಯ ಲೆಕ್ಕದಲ್ಲಿ ಎರಡೂ ತಂಪೇ. ವ್ಯತ್ಯಾಸ ಕಾಣುವುದು ಬೆಂಕಿ ಹೊತ್ತುವ ಮೊದಲು. ಒಳಬಂದ ಮಿಶ್ರಣ ಗೋಡೆ, ವಾಲ್ವು, ಪಿಸ್ಟನ್ನುಗಳನ್ನು ಸವರಿಕೊಂಡು ಬರುವಾಗ ಎಷ್ಟು ಬಿಸಿ ಎತ್ತಿಕೊಂಡಿತು ಎಂಬುದು ಮುಖ್ಯ. 9ಕ್ಕೆ 1ರ ಕಂಪ್ರೆಷನ್ನಿನಲ್ಲಿ ಒಳಬರುವಾಗ ಹತ್ತು ಡಿಗ್ರಿ ಹೆಚ್ಚಿದ್ದ ಮಿಶ್ರಣ ಒತ್ತುವುದು ಮುಗಿಯುವ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮುಂದಿರುತ್ತದೆ. ಕೊನೆಯ ಮೂಲೆಯ ಸಹನೆ ಕೆಡಲು ಅಷ್ಟು ಸಾಕು. ತಂಪು ಹೆಡ್ಡಿನಿಂದ ಸ್ವಲ್ಪ ಬಿಸಿ ಪೋಲಾಗುವುದು ನಿಜ. ಆ ತಂಪಿನ ಬಲದಿಂದ ಏರಿಸಿದ ಕಂಪ್ರೆಷನ್ ಅದನ್ನು ಬಡ್ಡಿಸಮೇತ ವಾಪಸು ಕೊಡುತ್ತದೆ. ಕಂಪ್ರೆಷನ್ ಏರಿಸದೆ ಬರೀ ಹೆಡ್ಡು ಬದಲಿಸಿ ಪವರ್ ಹುಡುಕಿದರೆ ಮೊದಲ ಪಕ್ಷದವರೇ ಗೆಲ್ಲುತ್ತಾರೆ.

ಕೊನೆಯ ಮೂಲೆಯನ್ನು ಶ್ರದ್ಧೆಯಿಂದ ನೋಡಿದವರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ. ಮೊದಲ ಮಹಾಯುದ್ಧ ಮುಗಿದ ಕೂಡಲೇ ಆತ ಇ-35 ಎಂಬ ಪ್ರಯೋಗದ ಎಂಜಿನ್ ಕಟ್ಟಿದ. ಓಡುತ್ತಿರುವಾಗಲೇ ಅದರ ಕಂಪ್ರೆಷನ್ ಏರಿಸಬಹುದಿತ್ತು, ಇಳಿಸಬಹುದಿತ್ತು. ಬಗೆಬಗೆಯ ಪೆಟ್ರೋಲು ಹಾಕಿ, ಕಂಪ್ರೆಷನ್ ಏರಿಸುತ್ತ ಹೋಗಿ, ಯಾವ ಅಂಕದಲ್ಲಿ ಕಟಕಟ ಶುರುವಾಯಿತೆಂದು ಆತ ಗುರುತು ಹಾಕಿಕೊಳ್ಳುತ್ತಿದ್ದ. ಇಂಧನಕ್ಕೂ ತಾಳ್ಮೆಯ ಅಳತೆಯುಂಟು ಎಂಬ ತಿಳಿವಳಿಕೆ ಗಟ್ಟಿಯಾದದ್ದು ಇಂಥ ಕೆಲಸದಿಂದ. ಆ ಕಾಲದ ಅಗ್ಗದ ಸೈಡ್ ವಾಲ್ವ್ ಎಂಜಿನ್ನುಗಳಿಗೆ ಆತ ಮಾಡಿದ ಹೆಡ್ಡು ಇನ್ನೂ ಸೊಗಸು. ದಹನದ ಜಾಗವನ್ನೆಲ್ಲ ವಾಲ್ವುಗಳ ಮೇಲೆ ಒಟ್ಟುಮಾಡಿ, ಪಿಸ್ಟನ್ನಿನ ಮೇಲೆ ಮಾತ್ರ ತೆಳುವಾದ ಸಂದು ಬಿಟ್ಟ. ಪಿಸ್ಟನ್ ಮೇಲೆ ಬಂದಾಗ ಆ ಸಂದಿನಿಂದ ಮಿಶ್ರಣ ಹಿಂಡಿಕೊಂಡು ಹೊರಗೆ ಚಿಮ್ಮಿ ಒಳಗೆಲ್ಲ ಸುಳಿಯೆಬ್ಬಿಸುತ್ತದೆ. ಸುಳಿಯಲ್ಲಿ ಜ್ವಾಲೆ ಬೇಗ ಹಬ್ಬುತ್ತದೆ, ಕಾಯುವ ಹೊತ್ತು ಕಡಿಮೆಯಾಗುತ್ತದೆ. ಕೊನೆಗೂ ಉಳಿದ ಸ್ವಲ್ಪ ಮಿಶ್ರಣ ಇರುವುದು ಆ ತೆಳು ಸಂದಿನಲ್ಲಿ, ಮೇಲೆ ಕೆಳಗೆ ಎರಡೂ ಕಡೆ ತಂಪು ಲೋಹ. ಸಿಡಿಯಲು ಬೇಕಾದ ಬಿಸಿಯೇ ಅದಕ್ಕೆ ಉಳಿಯುವುದಿಲ್ಲ. ಒಂದೇ ಆಕಾರದಿಂದ ಇಷ್ಟು ಕೆಲಸ ತೆಗೆದ ಆ ಹೆಡ್ಡು ಹೊರಗಿನಿಂದ ನೋಡಲು ಬರೀ ಚಪ್ಪಟೆ ತಟ್ಟೆ.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಥಾಮಸ್ ಮಿಡ್‌ಗ್ಲಿ ಬೇರೆ ದಾರಿ ಹಿಡಿದ. 1921ರ ಡಿಸೆಂಬರಿನಲ್ಲಿ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ ಚೂರೇ ಚೂರು ಬೆರೆಸಿದರೂ ನಾಕಿಂಗ್ ನಿಲ್ಲುತ್ತದೆ ಎಂದು ಕಂಡುಕೊಂಡ. ಜಗತ್ತಿನ ಪೆಟ್ರೋಲಿನಲ್ಲೆಲ್ಲ ಸೀಸ ಸೇರಿತು. ಭಾರತದಲ್ಲಿ ಅದು ನಿಂತದ್ದು 2000ನೇ ಇಸವಿಯಲ್ಲಿ. ಕೆಲಸ ಮಾಡಿತು ಎಂಬುದೇನೋ ಸರಿ, ಆದರೆ ಊರಿನ ಮಕ್ಕಳ ರಕ್ತಕ್ಕೆ ಸೀಸ ಬಿಟ್ಟು ಸಾಧಿಸಿದ ತಂಪನ್ನು ಚೆಲುವಾದ ವಸ್ತುಗಳ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ.

ಎಕ್ಸಾಸ್ಟ್ ವಾಲ್ವನ್ನು ಮಾತ್ರ ಆ ಪಟ್ಟಿಯ ಮೇಲ್ಗಡೆಯೇ ಇಡುತ್ತೇನೆ. ಎಂಜಿನ್ನಿನೊಳಗೆ ಅದಕ್ಕಿರುವ ಕಷ್ಟ ಯಾವ ಭಾಗಕ್ಕೂ ಇಲ್ಲ. ಉರಿದ ಅನಿಲ ಹೊರಹೋಗುವಾಗ ಅದರ ಕತ್ತನ್ನು ಸವರಿಕೊಂಡೇ ಹೋಗಬೇಕು. 700 ಡಿಗ್ರಿ ದಾಟಿ ಮಂದ ಕೆಂಪಗೆ ಹೊಳೆಯುತ್ತಲೇ ಅದು ದುಡಿಯುತ್ತದೆ. ಮೈಯ ಬಿಸಿ ಇಳಿಸಿಕೊಳ್ಳಲು ಅದಕ್ಕಿರುವ ದಾರಿ ಎರಡೇ: ಮುಚ್ಚಿಕೊಂಡಿದ್ದಾಗ ಸೀಟಿನ ತೆಳು ಉಂಗುರ, ಮತ್ತು ಕಾಂಡದ ಮೂಲಕ ಗೈಡಿಗೆ. ಕೊನೆಯ ಮೂಲೆಯ ಪಕ್ಕದಲ್ಲೇನಾದರೂ ಈ ಕೆಂಡ ಇದ್ದರೆ ಮುಗಿದೇಹೋಯಿತು. ಅದಕ್ಕೇ ಬಲ್ಲವರು ಪ್ಲಗ್ಗನ್ನು ಸಾಧ್ಯವಾದಷ್ಟು ಎಕ್ಸಾಸ್ಟ್ ವಾಲ್ವಿನ ಕಡೆಗೇ ಸರಿಸುತ್ತಿದ್ದರು. ಬಿಸಿ ಜಾಗದ ಮಿಶ್ರಣ ಮೊದಲು ಉರಿದುಹೋಗಲಿ, ತಂಪು ಜಾಗದ್ದು ಕೊನೆಗೆ ಉಳಿಯಲಿ ಎಂದು.

ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಸ್ಯಾಮ್ ಹೆರಾನ್ ಈ ವಾಲ್ವಿಗೆ ಒಳಗಿನಿಂದಲೇ ಉಪಶಮನ ಹುಡುಕಿದ. ಕಾಂಡವನ್ನು ಟೊಳ್ಳು ಮಾಡಿ, ಅರ್ಧದಷ್ಟು ಜಾಗಕ್ಕೆ ಸೋಡಿಯಂ ತುಂಬಿ, ಬಾಯಿ ಮುಚ್ಚುವುದು. ಸೋಡಿಯಂ 98 ಡಿಗ್ರಿಗೆ ಕರಗುತ್ತದೆ, 883ರವರೆಗೆ ಕುದಿಯುವುದಿಲ್ಲ. ಎಂಜಿನ್ ಚಾಲೂ ಆಗಿ ಸ್ವಲ್ಪ ಹೊತ್ತಿಗೆ ವಾಲ್ವಿನ ಹೊಟ್ಟೆಯೊಳಗೆ ಬೆಳ್ಳಿಯಂಥ ದ್ರವವೊಂದು ಎದ್ದುಬಿದ್ದು ಓಡಾಡತೊಡಗುತ್ತದೆ. ವಾಲ್ವು ತೆರೆದಾಗೊಮ್ಮೆ ಮುಚ್ಚಿದಾಗೊಮ್ಮೆ ಅದು ಬಿಸಿ ತಲೆಯಿಂದ ತಂಪು ಕಾಂಡಕ್ಕೂ ಕಾಂಡದಿಂದ ತಲೆಗೂ ಎಸೆಯಲ್ಪಟ್ಟು, ಪ್ರತಿ ಸಲವೂ ಒಂದಿಷ್ಟು ಬಿಸಿಯನ್ನು ಹೊತ್ತು ತಂದು ಇಳಿಸುತ್ತದೆ. ಬಿಚ್ಚಿ ಕೈಗೆ ತೆಗೆದುಕೊಂಡರೆ ಸಾದಾ ವಾಲ್ವಿಗಿಂತ ಕಾಂಡ ತುಸು ದಪ್ಪ ಎನ್ನುವುದನ್ನು ಬಿಟ್ಟು ಏನೂ ಗೊತ್ತಾಗುವುದಿಲ್ಲ. ನೀರು ತಗಲಿದರೆ ಹೊತ್ತಿ ಉರಿಯುವ ಲೋಹವನ್ನು ಬೆಂಕಿಯ ನಡುವೆಯೇ ಬಂದಿಯಾಗಿಸಿ, ತಂಪು ಮಾಡುವ ಚಾಕರಿಗೆ ಹಚ್ಚಿದ ಧೈರ್ಯಕ್ಕೆ ನಾನು ಬೆರಗಾಗುತ್ತೇನೆ. 1927ರ ಮೇ 20–21ರಂದು ಪೈಲಟ್ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಒಬ್ಬನೇ ಹಾರಿದಾಗ ವಿಮಾನದ ಮೂತಿಯಲ್ಲಿದ್ದದ್ದು ಒಂಬತ್ತು ಸಿಲಿಂಡರಿನ ರೈಟ್ ವರ್ಲ್‌ವಿಂಡ್ ಜೆ-5. ಮೂವತ್ಮೂರೂವರೆ ಗಂಟೆ ಬರೀ ಗಾಳಿಯಲ್ಲಿ ತಂಪಾಗುತ್ತ ನಿಲ್ಲದೆ ಓಡಿದ ಆ ಎಂಜಿನ್ನಿನ ಹೆಡ್ಡಿನ ವಿನ್ಯಾಸದಲ್ಲಿ ಹೆರಾನನ ಕೈಯಿತ್ತು.

ಗಾಳಿಯಲ್ಲೇ ತಂಪಾಗುವ ಇಂಥ ವಿಮಾನ ಎಂಜಿನ್ನುಗಳ ಮುಂದಿನ ಪೀಳಿಗೆ ಬೆಂಗಳೂರಿಗೂ ಬಂದಿತ್ತು. 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಎರಡನೇ ಮಹಾಯುದ್ಧದ ನಡುವೆ ಅಮೆರಿಕನ್ ವಾಯುಪಡೆಯ ರಿಪೇರಿ ಡಿಪೋ ಆಯಿತು. ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಬಂದಿಳಿಯುತ್ತಿದ್ದ ಕಾಲ ಅದು. ಅವುಗಳ ರೆಕ್ಕೆಯಲ್ಲಿದ್ದದ್ದು ಪ್ರ್ಯಾಟ್ ಅಂಡ್ ವಿಟ್ನಿಯ ಟ್ವಿನ್ ವಾಸ್ಪ್: ಹದಿನಾಲ್ಕು ಸಿಲಿಂಡರು, 30 ಲೀಟರ್, ಸುಮಾರು 1,200 ಅಶ್ವಶಕ್ತಿ. ಡಕೋಟಾ ವಿಮಾನಕ್ಕೂ ಅದೇ ಎಂಜಿನ್. ಉಕ್ಕಿನ ಬ್ಯಾರೆಲ್ಲು, ಅದರ ಮೇಲೆ ಬಿಸಿಮಾಡಿ ತೊಡಿಸಿ ಬಿಗಿದ ಅಲ್ಯೂಮಿನಿಯಂ ಹೆಡ್ಡು. ಬುಲೆಟ್ಟಿನಲ್ಲಿ ಕಂಡ ಜೋಡಿಯೇ, ಇನ್ನೂ ನಾಜೂಕಾಗಿ. ಹದಿನಾಲ್ಕು ಹೆಡ್ಡುಗಳ ಮೇಲೂ ಬೆರಳ ಉಗುರಿಗಿಂತ ಕಿರಿದಾದ ಸಂದುಗಳ ಫಿನ್ನು, ಸುತ್ತಲೂ ಗಾಳಿಯನ್ನು ಫಿನ್ನಿನ ಬುಡಕ್ಕೇ ಒತ್ತಿ ಕಳಿಸುವ ತಗಡಿನ ಮರೆಗಳು. ಪೈಲಟ್ಟಿನ ಕಣ್ಣು ಯಾವಾಗಲೂ ಹೆಡ್ಡಿನ ತಾಪ ತೋರಿಸುವ ಮುಳ್ಳಿನ ಮೇಲೆ. ಎಂಜಿನ್ನಿನ ಅಬ್ಬರದಲ್ಲಿ ನಾಕಿಂಗ್ ಕಿವಿಗೆ ಬೀಳುವುದಿಲ್ಲವಲ್ಲ, ಅಲ್ಲಿ ಕಣ್ಣೇ ಕಿವಿ.

ಮೈಸೂರಿನ ಜಾವಾ, ಯೆಜ್ಡಿ ಬೈಕುಗಳದು ಬೇರೆಯೇ ಧರ್ಮ. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಆ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವೇ ಇಲ್ಲ, ಗೋಡೆಯಲ್ಲಿ ಕೊರೆದ ಕಿಂಡಿಗಳು ಮಾತ್ರ. ಆದರೆ ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಒಂದು ಬೆಂಕಿ. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಎರಡು ಸುತ್ತಿಗೊಮ್ಮೆ ಸಿಗುವ ವಿರಾಮ ಇದಕ್ಕಿಲ್ಲ. ಒಂದೇ ಸಿಲಿಂಡರಿಗೆ ಎರಡು ಎಕ್ಸಾಸ್ಟ್, ಎರಡು ಸೈಲೆನ್ಸರ್. ಎರಡೂ ಕಿಂಡಿಗಳು ಇರುವುದು ಮುಂಭಾಗದಲ್ಲಿ, ಎದುರುಗಾಳಿ ಮೊದಲು ತಾಗುವ ಕಡೆ. ಎಲ್ಲಕ್ಕಿಂತ ಬಿಸಿಯಾದ ಬದಿಗೆ ಎಲ್ಲಕ್ಕಿಂತ ತಂಪಾದ ಗಾಳಿ. ಒಳಗೆ ಇನ್ನೊಂದು ಉಪಕಾರವೂ ನಡೆಯುತ್ತಿರುತ್ತದೆ. ಪೆಟ್ರೋಲ್-ಆಯಿಲ್ ಬೆರೆತ ತಾಜಾ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗೆ ಬಂದು, ಅದರ ತಳವನ್ನು ತಣಿಸಿ, ಆಮೇಲೆ ಮೇಲಕ್ಕೆ ಹೋಗುತ್ತದೆ. ಮಿಶ್ರಣ ತುಸು ಬೆಚ್ಚಗಾಗುವುದು ಅದರ ಬೆಲೆ. ಪಿಸ್ಟನ್ ಉಳಿಯುವುದು ಅದರ ಲಾಭ.

ಪಿಸ್ಟನ್ನಿನ ಸಂದಿನ ಲೆಕ್ಕವಂತೂ ಸಣ್ಣ ಕಾವ್ಯ. ಅಲ್ಯೂಮಿನಿಯಂ ಬಿಸಿಗೆ ಬೀಡಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 70 ಮಿಲಿಮೀಟರಿನ ಪಿಸ್ಟನ್ 200 ಡಿಗ್ರಿ ಏರಿದರೆ ಹತ್ತಿರಹತ್ತಿರ 0.3 ಮಿಲಿಮೀಟರ್ ಅಗಲವಾಗುತ್ತದೆ. ಸುತ್ತಲಿನ ಬೀಡು 120 ಡಿಗ್ರಿ ಏರಿದರೆ 0.1 ಕೂಡ ಹಿಗ್ಗುವುದಿಲ್ಲ. ಆ ವ್ಯತ್ಯಾಸವನ್ನು ತಣ್ಣಗಿದ್ದಾಗಲೇ ಸಂದಾಗಿ ಬಿಟ್ಟಿರಬೇಕು. ಹಾಗೆಂದು ಧಾರಾಳವಾಗಿ ಬಿಟ್ಟರೆ ಬೆಳಗಿನ ಚಳಿಯಲ್ಲಿ ಪಿಸ್ಟನ್ ಒಳಗೆ ಹೊರಳಾಡಿ ಸದ್ದು ಮಾಡುತ್ತದೆ. ಆದ್ದರಿಂದ ಲೋಹಕ್ಕೆ ಸುಮಾರು ಶೇ. 12ರಷ್ಟು ಸಿಲಿಕಾನ್ ಬೆರೆಸಿ ಹಿಗ್ಗುವುದನ್ನು ತಗ್ಗಿಸುತ್ತಾರೆ. ಬಿಸಿ ಹೆಚ್ಚಾಗುವ ನೆತ್ತಿಯ ಕಡೆ ಪಿಸ್ಟನ್ನನ್ನು ಕೊಂಚ ಕಿರಿದಾಗಿ, ಕೆಳಗೆ ಅಗಲವಾಗಿ, ಅಡ್ಡಕ್ಕೆ ನೋಡಿದರೆ ಕೂದಲೆಳೆಯಷ್ಟು ಮೊಟ್ಟೆಯಾಕಾರಕ್ಕೆ ಕಡೆಯುತ್ತಾರೆ. ದುಂಡಗೆ ಕಾಣುವ ಆ ವಸ್ತು ಮೇಜಿನ ಮೇಲಿದ್ದಾಗ ದುಂಡಗಿರುವುದಿಲ್ಲ, ಬೆಂಕಿಯಲ್ಲಿ ದುಡಿಯುವಾಗ ದುಂಡಗಾಗುತ್ತದೆ.

ಒಳಗಿನ ಸಮಾಚಾರ ಹೊರಗೆ ತರುವ ದೂತ ಪ್ಲಗ್. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಪ್ಲಗ್ಗುಗಳು ಒಂದು ಕಾಲಕ್ಕೆ ದೇಶದ ಎಲ್ಲ ಬೈಕುಗಳ ತಲೆಯ ಮೇಲಿದ್ದವು ಎಂದರೂ ಹೆಚ್ಚೇನಲ್ಲ. ಬಾಷ್ ಪದ್ಧತಿಯ ಹಳೆಯ ಪ್ಲಗ್ಗಿನ ಮೇಲೆ 175, 225 ಎಂಬಂಥ ಸಂಖ್ಯೆ ಇರುತ್ತಿತ್ತು. ಪ್ರಯೋಗದ ಎಂಜಿನ್ನಿನಲ್ಲಿ ಎಷ್ಟು ಸೆಕೆಂಡಿನ ಮೇಲೆ ಪ್ಲಗ್ಗು ಕೆಂಪಗೆ ಕಾದು ತಾನೇ ಬೆಂಕಿ ಹಚ್ಚತೊಡಗಿತು ಎಂಬುದರಿಂದ ಹುಟ್ಟಿದ ಅಂಕಿ ಅದು. ಹೆಚ್ಚು ಅಂಕಿ ಎಂದರೆ ಹೆಚ್ಚು ತಂಪಾಗಿ ಓಡುವ ಪ್ಲಗ್. ಪ್ಲಗ್ಗಿನ ತುದಿ 450 ಡಿಗ್ರಿಗಿಂತ ಮೇಲಿದ್ದರೆ ಮಸಿ ತಾನಾಗಿ ಸುಟ್ಟುಹೋಗುತ್ತದೆ, 850–900 ದಾಟಿದರೆ ಕೆಂಡವಾಗುತ್ತದೆ. ಆ ನಡುವೆ ನಿಲ್ಲಿಸಲು ಒಳಗಿನ ಬಿಳಿ ಪಿಂಗಾಣಿಯ ಮೂಗನ್ನು ಉದ್ದವೋ ಗಿಡ್ಡವೋ ಮಾಡುತ್ತಾರೆ. ಉದ್ದ ಮೂಗಿನಿಂದ ಬಿಸಿ ನಿಧಾನವಾಗಿ ಇಳಿಯುತ್ತದೆ, ಗಿಡ್ಡ ಮೂಗಿನಿಂದ ಬೇಗ. ಬಿಚ್ಚಿದ ಪ್ಲಗ್ಗಿನ ಮೂಗು ತಿಳಿಕಂದು ಬಣ್ಣಕ್ಕಿದ್ದರೆ ಎಲ್ಲ ಕ್ಷೇಮ. ಸುಣ್ಣದಂತೆ ಬೆಳ್ಳಗಾಗಿದ್ದರೆ ಒಳಗೆ ತಾಪ ಹೆಚ್ಚು. ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದಾಗ ಬಿಳಿಯ ಮೇಲೆ ಮೆಣಸಿನ ಪುಡಿಗಿಂತ ಸಣ್ಣ ಕಪ್ಪು ಚುಕ್ಕೆ, ನಡುವೆ ಒಂದೆರಡು ಬೆಳ್ಳಿಯ ಮಿನುಗು ಕಂಡರೆ ಗಾಡಿ ಮತ್ತೆ ಸ್ಟಾರ್ಟ್ ಮಾಡಬಾರದು. ಆ ಮಿನುಗು ಪಿಸ್ಟನ್ನಿನಿಂದ ಸಿಡಿದು ಬಂದ ಅಲ್ಯೂಮಿನಿಯಂ.

ಗಾಳಿಯ ಬದಲು ನೀರಿನಿಂದ ತಣಿಸುವ ವಿಷಯಕ್ಕೆ ಬಂದರೆ ಹೊಂಡಾ ಕಂಪನಿ ಕಟ್ಟಿದ ಸೊಯಿಚಿರೊ ಹೊಂಡಾ ಅವರ ಹಟ ನೆನಪಾಗುತ್ತದೆ. ಎಂಜಿನ್ನನ್ನು ನೀರು ತಣಿಸಿದರೂ ಆ ನೀರನ್ನು ತಣಿಸುವುದು ಗಾಳಿಯೇ ತಾನೆ, ಹಾಗಿದ್ದಮೇಲೆ ನೇರ ಗಾಳಿಯೇ ಸಾಕು ಎಂಬುದು ಅವರ ವಾದ. 1969ರಲ್ಲಿ ಬಂದ ಹೊಂಡಾ 1300 ಕಾರು ಗಾಳಿಯಲ್ಲೇ ತಂಪಾಗುತ್ತಿತ್ತು. ವಾದದಲ್ಲಿ ತಪ್ಪಿಲ್ಲ, ನೀರಿನ ಒಂದು ಗುಣ ಮಾತ್ರ ಅದರಲ್ಲಿ ಬಿಟ್ಟುಹೋಗಿದೆ. ಎಲ್ಲಿ ಅತಿ ಬಿಸಿಯೋ ಅಲ್ಲಿಗೆ ನೀರು ತಾನಾಗಿಯೇ ಹೆಚ್ಚು ಗಮನ ಕೊಡುತ್ತದೆ. ಎಕ್ಸಾಸ್ಟ್ ವಾಲ್ವಿನ ಸೀಟಿನ ಹಿಂದಿನ ಗೋಡೆಗೆ ತಾಗಿದ ನೀರು ಸಣ್ಣ ಗುಳ್ಳೆಗಳಾಗಿ ಕುದಿಯುತ್ತದೆ, ಗುಳ್ಳೆ ಗೋಡೆಯಿಂದ ಕಳಚಿಕೊಂಡು ಹೋಗುವಾಗ ಅಪಾರ ಬಿಸಿಯನ್ನು ಕಿತ್ತುಕೊಂಡು ಹೋಗುತ್ತದೆ, ಆ ಜಾಗಕ್ಕೆ ಹೊಸ ನೀರು ಬರುತ್ತದೆ. ಉಳಿದ ಕಡೆ ನೀರು ಸುಮ್ಮನೆ ಹರಿಯುತ್ತಿರುತ್ತದೆ. ಕುದಿತ ಮಿತಿಮೀರಿ ಹಬೆಯ ಪದರವೇ ಗೋಡೆಗೆ ಅಂಟಿಕೊಂಡರೆ ಮಾತ್ರ ಗತಿ ಕೆಡುತ್ತದೆ. ಹೊರಗೆ ರೇಡಿಯೇಟರ್ ತಣ್ಣಗಿದ್ದರೂ ಒಳಗೆ ಅಂಗೈಯಷ್ಟು ಜಾಗ ಕಾದು ನಾಕಿಂಗ್ ಶುರುವಾಗುವುದು ಹೀಗೆ. ಜನರಲ್ ಮೋಟಾರ್ಸ್ 1992ರ ತನ್ನ ಎಲ್‌ಟಿ1 ಎಂಜಿನ್ನಿನಲ್ಲಿ ನೀರಿನ ದಾರಿಯನ್ನೇ ತಿರುವುಮುರುವು ಮಾಡಿತು. ಬ್ಲಾಕಿನಿಂದ ಹೆಡ್ಡಿಗೆ ಹೋಗುತ್ತಿದ್ದ ನೀರು ಮೊದಲು ಹೆಡ್ಡಿಗೆ ಬಂದು ಆಮೇಲೆ ಬ್ಲಾಕಿಗೆ ಇಳಿಯುವಂತಾಯಿತು. ತಲೆ ತಂಪಾದ್ದರಿಂದ ಕಂಪ್ರೆಷನ್ ಹತ್ತಕ್ಕಿಂತ ಮೇಲೇರಿಸಲು ಧೈರ್ಯ ಬಂತು. ಕೆಳಗೆ ಬೋರಿನ ಗೋಡೆ ಬೆಚ್ಚಗಿದ್ದು ಆಯಿಲ್ ತೆಳುವಾಗಿ, ರಿಂಗುಗಳ ಉಜ್ಜಾಟವೂ ಕಡಿಮೆಯಾಯಿತು.

ನಮ್ಮ ಘಾಟಿಗಳಲ್ಲಿ ಇದೆಲ್ಲ ಪಾಠವಾಗಿ ಕಾಣುತ್ತಿದ್ದ ಕಾಲವೊಂದಿತ್ತು. ಬ್ಲಾಕೂ ಬೀಡು, ಹೆಡ್ಡೂ ಬೀಡು ಆಗಿದ್ದ ಹಳೆಯ ಅಂಬಾಸಿಡರ್ ಆಗುಂಬೆಯ ತಿರುವು ಹತ್ತುವಾಗ ಡ್ರೈವರು ಟಾಪ್ ಗೇರಿನಲ್ಲೇ ಎಳೆಸಿದರೆ ಪಕ್ಕದಲ್ಲಿ ಕೂತ ಹಿರಿಯರು, ‘ಗೇರ್ ಇಳಿಸು ಮಾರಾಯ, ಕಟಕಟ ಅಂತಿದೆ’ ಎನ್ನುತ್ತಿದ್ದರು. ಅವರ ಮಾತಿನ ಹಿಂದಿನ ಲೆಕ್ಕ ಸರಳ. ನಿಮಿಷಕ್ಕೆ 3,000 ಸುತ್ತಿನಲ್ಲಿ ಮೂರು ಮಿಲಿಸೆಕೆಂಡು ಕಾಯಬೇಕಾದ ಕೊನೆಯ ಮೂಲೆ 1,500 ಸುತ್ತಿನಲ್ಲಿ ಅದರ ಎರಡು ಪಟ್ಟಿನ ಹತ್ತಿರ ಕಾಯಬೇಕು. ಗೇರ್ ಇಳಿಸಿದರೆ ಸುತ್ತು ಏರುತ್ತದೆ, ಭಾರ ಇಳಿಯುತ್ತದೆ, ನೀರಿನ ಪಂಪೂ ಫ್ಯಾನೂ ಚುರುಕಾಗುತ್ತವೆ. ಮೇಲೇರಿದಂತೆ ಗಾಳಿಯೂ ಸಹಾಯಕ್ಕೆ ಬರುತ್ತದೆ. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡ ಮಂಗಳೂರಿನ ಶೇ. 90ರಷ್ಟು, ಸಿಲಿಂಡರಿಗೆ ಬರುವ ಮಿಶ್ರಣವೇ ಕಡಿಮೆ, ಹಾಗಾಗಿ ನಾಕಿಂಗೂ ಕಡಿಮೆ, ಎಳೆತವೂ ಕಡಿಮೆ. ಮಳೆಗಾಲದಲ್ಲಿ ಗಾಡಿ ನುಣ್ಣಗೆ ಓಡುತ್ತದೆ ಎಂಬ ಮಲೆನಾಡಿನ ಸವಾರರ ನಂಬಿಕೆಗೂ ಆಧಾರವಿದೆ: ಗಾಳಿಯ ತೇವ ಬೆಂಕಿಯ ಬಿಸಿಯಲ್ಲಿ ಪಾಲು ಪಡೆದು ಕೊನೆಯ ಮೂಲೆಯನ್ನು ತಡೆದಿಡುತ್ತದೆ. ಈಗ ಬಂಕಿನಲ್ಲಿ ಪೆಟ್ರೋಲಿಗೆ ಬೆರೆಸುವ ಎಥನಾಲಿಗೂ ಅಂಥದೇ ಗುಣ. ಆವಿಯಾಗುವಾಗ ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಬಿಸಿ ಹೀರಿ ಮಿಶ್ರಣವನ್ನು ತಣಿಸುತ್ತದೆ. ಮೈಲೇಜ್ ಇಳಿಯುತ್ತದೆ, ಹಳೆಯ ಗಾಡಿಯ ರಬ್ಬರಿಗೆ ಒಗ್ಗುವುದಿಲ್ಲ ಎಂಬ ದೂರುಗಳು ನ್ಯಾಯವಾದವೇ. ಈ ಒಂದು ವಿಷಯದಲ್ಲಿ ಮಾತ್ರ ಅದನ್ನು ಹೊಗಳಬೇಕು.

ಇಷ್ಟು ದಿನ ಎಂಜಿನ್ ಕಟ್ಟುವವರ ಮುಂದೆ ಇದ್ದದ್ದು ಎರಡೇ ಆಯ್ಕೆ. ಗೋಡೆ ತಂಪಾಗಿರಲಿ ಎಂದರೆ ಬೆಂಕಿಯ ಬಿಸಿ ಪೋಲು. ಬಿಸಿ ಉಳಿಯಲಿ ಎಂದು 1970–80ರ ದಶಕಗಳಲ್ಲಿ ಅಮೆರಿಕದ ಕಮಿನ್ಸ್ ಮತ್ತು ಅಲ್ಲಿನ ಸೈನ್ಯ ಸೇರಿ ಸೆರಾಮಿಕ್ ಲೇಪಿಸಿದ, ನೀರೇ ಇಲ್ಲದ ಡೀಸೆಲ್ ಎಂಜಿನ್ ಮಾಡಿ ನೋಡಿದವು. ಸೆರಾಮಿಕ್ಕಿನ ಗೋಡೆ ಸದಾ ಕಾದೇ ಇರುವುದರಿಂದ ಒಳಬರುವ ಗಾಳಿಯೂ ಕಾದು, ಹಿಗ್ಗಿ, ತುಂಬುವುದೇ ಕಡಿಮೆಯಾಯಿತು. ಉಳಿಸಿದ ಬಿಸಿಯ ಬಹುಭಾಗ ಸೈಲೆನ್ಸರಿನ ದಾರಿ ಹಿಡಿಯಿತು. ಪೆಟ್ರೋಲ್ ಎಂಜಿನ್ನಿನಲ್ಲಿ ಹಾಗೆ ಮಾಡಿದ್ದರೆ ನಾಕಿಂಗ್‌ಗೆ ಕೈಯಾರೆ ವೀಳ್ಯ ಕೊಟ್ಟಂತೆ.

2015ರಲ್ಲಿ ಟೊಯೋಟಾ ತನ್ನ 2.8 ಲೀಟರಿನ 1ಜಿಡಿ ಡೀಸೆಲ್ ಎಂಜಿನ್ನಿನ ಪಿಸ್ಟನ್ನಿಗೆ ಕೊಟ್ಟ ಲೇಪ ಈ ಇಕ್ಕಟ್ಟನ್ನು ಜಾಣತನದಿಂದ ಬಿಡಿಸುತ್ತದೆ. ಬಿಡದಿಯಲ್ಲಿ ತಯಾರಾಗುವ ಫಾರ್ಚೂನರಿಗೆ ಕೂರುವುದು ಇದೇ ಕುಟುಂಬದ ಎಂಜಿನ್. ಪಿಸ್ಟನ್ನಿನ ಅಲ್ಯೂಮಿನಿಯಂ ಮೇಲ್ಮೈಯನ್ನೇ ಆನೊಡೈಸ್ ಮಾಡಿ ಕೂದಲೆಳೆಯ ದಪ್ಪದ ಆಸುಪಾಸಿನ ಪದರವೊಂದನ್ನು ಬೆಳೆಸುತ್ತಾರೆ. ಅದರ ತುಂಬ ಸೂಕ್ಷ್ಮ ರಂಧ್ರಗಳು, ರಂಧ್ರಗಳ ಬಾಯಿಗೆ ಸಿಲಿಕಾದ ಮುಚ್ಚಳ. ಆ ಪದರ ಬಿಸಿಯನ್ನು ಕೆಳಗೆ ಬಿಡುವುದಿಲ್ಲ, ತನ್ನಲ್ಲಿಯೂ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಅದರ ಮೈ ಕ್ಷಣಕ್ಷಣಕ್ಕೂ ಒಳಗಿನ ಅನಿಲದ ತಾಪವನ್ನೇ ಹಿಂಬಾಲಿಸುತ್ತದೆ. ಬೆಂಕಿ ಬಂದಾಗ ತಟಕ್ಕನೆ ಕಾದು ಬಿಸಿ ಪೋಲಾಗುವುದನ್ನು ತಡೆಯುತ್ತದೆ. ಮುಂದಿನ ಗಾಳಿ ಒಳಬರುವಷ್ಟರಲ್ಲಿ ತಟಕ್ಕನೆ ತಣಿದು ಅದನ್ನು ಬೆಚ್ಚಗೆ ಮಾಡದೆ ಬಿಡುತ್ತದೆ. ನಿಮಿಷಕ್ಕೆ 3,000 ಸುತ್ತಿನಲ್ಲಿ ಈ ಏರಿಳಿತ ಸೆಕೆಂಡಿಗೆ 25 ಸಲ. ಡೀಸೆಲ್ಲಿಗೆ ನಾಕಿಂಗ್‌ನ ಈ ಬಗೆಯ ಭಯವಿಲ್ಲ, ಉಳಿತಾಯಕ್ಕಾಗಿ ಅಲ್ಲಿ ಇದು ಬಂತು. ನಿಜವಾಗಿ ಇದು ಬೇಕಾಗಿರುವುದು ಪೆಟ್ರೋಲ್ ಎಂಜಿನ್ನಿಗೆ. ಅಲ್ಲಿ ಇನ್ನೊಂದು ತೊಡಕಿದೆ: ರಂಧ್ರವಿದ್ದ ಮೇಲ್ಮೈ ಪೆಟ್ರೋಲನ್ನು ಹೀರಿಟ್ಟುಕೊಂಡು ಉರಿಯುವ ಹೊತ್ತು ಕಳೆದ ಮೇಲೆ ಹೊರಬಿಡುತ್ತದೆ, ಅದು ಹೊಗೆಯಲ್ಲಿ ಹೋಗುತ್ತದೆ. ರಂಧ್ರಗಳ ಬಾಯನ್ನು ಇನ್ನೂ ಬಿಗಿಯಾಗಿ ಮುಚ್ಚಬೇಕು. ಮುಚ್ಚುವ ವಸ್ತುವೂ ಬಿಸಿಯನ್ನು ಹಿಡಿದಿಟ್ಟುಕೊಳ್ಳದಷ್ಟು ಹಗುರವಾಗಿರಬೇಕು.